ಚೇರ್ಮನ್ನರಿಗೆ ಬೀಳದ ಓಟು

ತೊಂಬತ್ತರ ದಶಕದಲ್ಲಿ ಪತ್ರಿಕೆ ಕೆಲಸದ ಮೇಲೆ ಕೆ.ಆರ್. ಪುರಂ ಹತ್ತಿರದ ಹಳ್ಳಿಯೊಂದರ ಮಾಜಿ ಪಂಚಾಯಿತಿ ಚೇರ್ಮನ್ನರ ಮನೆಗೆ ಹೋಗಿದ್ದೆ. ಹಿಂದೆ ಊರ ಬಾವಿಗೆ ದಲಿತರು ಬರಬಾರದೆಂದು ಚೇರ್ಮನ್ನರ ನೆಂಟರೇ ಹಟ ಹಿಡಿದಿದ್ದರು. ಇವರು ವರ್ಷಗಟ್ಟಲೆ ಎರಡೂ ಕಡೆಯವರನ್ನು ಸಮಾಧಾನ ಮಾಡುತ್ತಾ ಕೂತರು. ಕೊನೆಗೊಂದು ಬೆಳಿಗ್ಗೆ ದಲಿತ ಕೇರಿಯ ಮುನಿಯಮ್ಮನವರನ್ನು ತಾವೇ ಬಾವಿಗೆ ಕರೆದೊಯ್ದು, ಅವರು ಸೇದಿದ ನೀರನ್ನು ಎಲ್ಲರೆದುರು ಕುಡಿದರು. ಮುಂದಿನ ಚುನಾವಣೆಯಲ್ಲಿ ಸೋತರು.

“ನೆಂಟರು ಓಟು ಹಾಕ್ಲಿಲ್ಲ ಅಂತ ಬೇಜಾರಾಯ್ತಾ?” ಎಂದು ಕೇಳಿದೆ.

ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ ಮುನಿಯಮ್ಮ ನಕ್ಕುಬಿಟ್ಟರು. “ನಾನೂ ಹಾಕ್ಲಿಲ್ಲ ಸಾರ್. ನಮ್ಮನ್ನ ಅಷ್ಟು ವರ್ಷ ಕಾಯಿಸಿದ್ರಲ್ಲ!”

ಚೇರ್ಮನ್ನರು ಪೆಚ್ಚಾದರು. “ಇದನ್ನ ಇವತ್ತು ಹೇಳ್ತಿದೀಯಲ್ಲಮ್ಮ!”

“ಕಾಯೋದು ಹೆಂಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ ಅಂತ, ಅಣ್ಣ.”

ಅವರು ಜೋರಾಗಿ ನಕ್ಕು, ಮುನಿಯಮ್ಮನವರಿಗೆ ಇನ್ನೊಂದು ಲೋಟ ಕಾಫಿ ತರಿಸಿದರು. ಮತ್ತೆ ಚುನಾವಣೆಗೆ ನಿಲ್ಲುವ ಆಸೆ ಇನ್ನೂ ಇತ್ತೇನೋ.