ಬೀರಲಿಂಗಪ್ಪನ ಮೇವಿನ ದರ್ಬಾರು

ನೆಲೋಗಿಯ ಬೀರಲಿಂಗಪ್ಪನಿಗೆ ಭೂಮಿಯ ಮೇಲೆ ಎತ್ತರವಾಗಿರುವುದೆಲ್ಲ ಪೂಜ್ಯ. ಮದುವೆಯಲ್ಲಿ ಅವನು ಸುತ್ತಿದ್ದ ರುಮಾಲು ಹಂದರದ ತೋರಣಕ್ಕೆ ಸಿಕ್ಕಿಕೊಂಡು, ಅಕ್ಷತೆ ಬೀಳುವ ಹೊತ್ತಿಗೆ ವರ ಬರಿದಲೆಯಲ್ಲಿ ನಿಂತಿದ್ದ. ಮನೆ ಕಟ್ಟಿಸಿದಾಗ ಬಾಗಿಲನ್ನು ಆನೆ ನುಗ್ಗುವಷ್ಟು ಎತ್ತರಕ್ಕೆ ಇಡಿಸಿದ. ಆನೆ ಇದುವರೆಗೆ ಬಂದಿಲ್ಲ, ಚಳಿಗಾಳಿ ಮಾತ್ರ ತಪ್ಪದೆ ಬರುತ್ತದೆ. ಇಂಥ ಮಹಾಪುರುಷ ಐವತ್ತು ದಾಟಿದ ಮೇಲೆ ಬಾವಿಯ ಪಕ್ಕದ ತುಂಡು ಹೊಲದಲ್ಲಿ ಮೇವಿನ ಜೋಳ ಬಿತ್ತಿದಾಗ, ಅದು ದನದ ಹೊಟ್ಟೆಗಾಗಿ ಎಂದು ನಂಬಿದವಳು ಊರಲ್ಲಿ ಒಬ್ಬಳೇ: ಅವನ ಹೆಂಡತಿ ಗಂಗಾಬಾಯಿ.

ನಂಬಲು ಅವಳಿಗೆ ಕಾರಣವಿತ್ತು. ಅಫಜಲಪುರದಲ್ಲಿದ್ದ ಅವಳ ತಮ್ಮ ಚಂದ್ರಾಮಪ್ಪ ತನ್ನ ಮುರ್ರಾ ತಳಿಯ ಎಮ್ಮೆಯನ್ನು ಪಾಲಿಗೆ ಕೊಡುತ್ತೇನೆಂದಿದ್ದ. ಸಾಕುವವರು ಇವರು, ಹಾಲು ಇವರದು, ಕರುಗಳಲ್ಲಿ ಇಬ್ಬರಿಗೂ ಪಾಲು. ಎಳ್ಳಮಾವಾಸ್ಯೆಗೆ ಹೊಲದ ಊಟಕ್ಕೆ ಬಂದಾಗ ಮೇವು ನೋಡಿ ಮಾತು ಮುಗಿಸುವುದು ಎಂದು ತೀರ್ಮಾನವಾಗಿತ್ತು. ಗಂಗಾಬಾಯಿ ಆ ಎಮ್ಮೆಗಾಗಿ ಆಗಲೇ ಕೊಟ್ಟಿಗೆಯಲ್ಲಿ ಮನೆಯ ಎಮ್ಮೆಯ ಪಕ್ಕ ಜಾಗ ಗುಡಿಸಿಟ್ಟಿದ್ದಳು.

ದೀಪಾವಳಿ ಕಳೆದು ಜೋಳ ಹೂವಿಗೆ ಬಂತು. ಉಗುರು ಊರಿದರೆ ದಂಟು ರಸ ಬಿಡುತ್ತಿತ್ತು. ಗಂಗಾಬಾಯಿ ಕುಡಗೋಲು ಮಸೆದಳು.

"ಈಗ ಕೊಯ್ಯೂಣ್ರಿ. ಹೂವಿನ್ಯಾಗ ಕೊಯ್ದರ ದಂಟು ಸಿಹಿ ಇರ್ತದ, ಎಮ್ಮಿ ಬುಡ ಸುದ್ದಾ ಬಿಡಂಗಿಲ್ಲ. ಒಣಗಿಸಿ ಬಣವಿ ಒಟ್ಟೂಣು, ನನ್ನ ತಮ್ಮಗ ಅದನ್ನೇ ತೋರಸೂಣು."

"ಬೀಗರು ಬಂದಾಗ ಬೋಳು ಹೊಲ ತೋರಸ್ಲೇನಬೇ? ಅಮಾಸಿ ತನಕ ನಿಲ್ಲಲಿ. ಇನ್ನ ಎರಡು ಮೊಳ ಏರ್ತದ."

ಹೂವು ಬಿಟ್ಟ ಮೇಲೆ ತಾನು ಏರುವುದಿಲ್ಲವೆಂದು ಅವನಿಗೆ ಹೇಳುವ ಧೈರ್ಯ ಜೋಳಕ್ಕೂ ಇರಲಿಲ್ಲ.

"ಎಮ್ಮಿ ಎತ್ತರ ತಿಂತದೇನ್ರಿ?"

"ಶಾನ್ ಅಂದ್ರ, ಗತ್ತು ಅಂದ್ರ ನಿನಗೇನು ಗೊತ್ತು, ಸುಮ್ಕಿರು!"

ಪಕ್ಕದ ಹೊಲದ ಗುರಮ್ಮ ಅದೇ ವಾರ ತನ್ನ ಮೇವು ಕೊಯ್ದು ಹರವಿ, ಬದುವಿನ ಮೇಲಿಂದ ಕೂಗಿದಳು: "ಬೀರಲಿಂಗ್ಯಾ, ಮೇವು ಬೆಳಸೀದ್ಯೋ, ಬಿದಿರು ಬೆಳಸೀದ್ಯೋ?"

"ನಿನಗ ಹೊಟ್ಟಿಕಿಚ್ಚು ಬೇ, ಗುರಮ್ಮಕ್ಕ!"

ಅಲ್ಲಿಂದ ದರ್ಬಾರು ಶುರುವಾಯಿತು. ಬೀರಲಿಂಗಪ್ಪ ಬೆಳಿಗ್ಗೆ ಸಂಜೆ ಕೈ ಹಿಂದೆ ಕಟ್ಟಿಕೊಂಡು, ದಂಡು ಪರೀಕ್ಷಿಸುವ ಸುಲ್ತಾನನಂತೆ ಬದುವಿನ ಮೇಲೆ ತಿರುಗಿದ. ದಾರಿಹೋಕರನ್ನು ಕರೆದು ಜೋಳದ ಪಕ್ಕ ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ಹೊಡೆದ. ಈ ಉತ್ಸವದ ನಡುವೆ ಜೋಳದ ಕೆಳಗಿನ ಎಲೆಗಳು ಒಣಗಿ ಉದುರಿದವು, ಕಾಳು ಗಟ್ಟಿಯಾಯಿತು, ದಂಟು ಕಟ್ಟಿಗೆಯಾಯಿತು. ಮನೆಯ ಎಮ್ಮೆ, ಕಿತ್ತು ತಂದು ಹಾಕಿದ ದಂಟಿನ ತುದಿಯ ಎಲೆ ಎರಡು ಹರಿದು ತಿಂದು, ಉಳಿದುದನ್ನು ಮೂತಿಯಿಂದ ನೂಕಿ ಅದರ ಮೇಲೇ ಮಲಗತೊಡಗಿತು. ಹಾಲು ಇಳಿಯಿತು. ಎಮ್ಮೆಗೆ ದೃಷ್ಟಿಯಾಗಿದೆ ಎಂದು ಸುಲ್ತಾನ ಅದಕ್ಕೆ ನಿಂಬೆಹಣ್ಣು ಇಳಿಸಿದ.

ಎಳ್ಳಮಾವಾಸ್ಯೆ ಬಂತು. ಚಂದ್ರಾಮಪ್ಪ ಹೊಲದಲ್ಲಿ ಕುಳಿತು ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ ಮುಗಿಸಿ, ಕೈ ತೊಳೆದು ಜೋಳದ ಬಳಿ ಹೋದ. ಒಂದು ದಂಟು ಬಗ್ಗಿಸಿದ. ಅದು ಬಗ್ಗಲಿಲ್ಲ, ಲಟ್ಟೆಂದು ಮುರಿಯಿತು. ಕಚ್ಚಿ ನೋಡಿ ಉಗುಳಿದ.

"ಮಾವ, ಇದನ್ನ ಎಮ್ಮಿ ಮುಂದ ಹಾಕವ್ರೋ, ಒಲಿ ಒಳಗ ಹಾಕವ್ರೋ?"

"ಎತ್ತರ ನೋಡಲೇ, ಚಂದ್ರಾಮ!"

"ನೋಡೀನ್ರಿ. ಆದ್ರ ನಂದು ಎಮ್ಮಿ, ಉದ್ದ ಕುತ್ತಿಗಿ ಒಂಟಿ ಅಲ್ಲ."

ಗಂಗಾಬಾಯಿ ಸೆರಗು ಹಿಂಡುತ್ತ ಮುಂದೆ ಬಂದಳು. "ತಮ್ಮಾ, ನಾ ಹೂವಿನ್ಯಾಗೇ ಕೊಯ್ಯೂಣು ಅಂದಿದ್ದೆ..."

"ನೀ ಅಂದಿರ್ತಿ, ಅಕ್ಕಾ. ಕುಡಗೋಲು ನಿನ್ನ ಕೈಯಾಗ, ಹುಕುಂ ಮಾವನ ಬಾಯಾಗ. ನಡುವ ನನ್ನ ಎಮ್ಮಿ ಉಪವಾಸ."

ಅವನು ಬದು ದಾಟಿ ಗುರಮ್ಮನ ಬಣವೆಯ ಒಳಗಿನಿಂದ ಒಂದು ಹಿಡಿ ಮೇವು ಎಳೆದ. ಇನ್ನೂ ಹಸಿರು, ಮೂಗಿಗೆ ಘಮ. ನಿಂತಲ್ಲೇ ಗುರಮ್ಮನೊಡನೆ ಎಮ್ಮೆಯ ಮಾತು ಮುಗಿಯಿತು. ಮರುವಾರ ಟೆಂಪೊದಲ್ಲಿ ಬಂದ ಮುರ್ರಾ ಎಮ್ಮೆ ಬೀರಲಿಂಗಪ್ಪನ ಮೇವಿನ ದಂಡನ್ನು ದಾಟಿ, ಅತ್ತ ಮುಖ ಕೂಡ ತಿರುಗಿಸದೆ, ಗುರಮ್ಮನ ಅಂಗಳಕ್ಕೆ ಇಳಿಯಿತು.

ಬೀರಲಿಂಗಪ್ಪ ಸೋತೆನೆಂದು ಒಪ್ಪುವ ಕುಲದವನಲ್ಲ. ಜೋಳ ಕಡಿದು, ದಂಟು ಹೆಣೆದು ಬಚ್ಚಲಿಗೆ ಮರೆಯ ತಟ್ಟಿ ಕಟ್ಟಿದ. ಅದನ್ನು ಗುದ್ದಿ ಗುದ್ದಿ ತೋರಿಸುತ್ತ ಕೂಗಿದ: "ಬಂದು ನೋಡಬೇ, ಹತ್ತು ವರ್ಷ ಅಲ್ಲಾಡಂಗಿಲ್ಲ! ಗುರಮ್ಮನ ಮೇವಿನ್ಯಾಗ ಇಂಥಾ ತಟ್ಟಿ ಆಗ್ತದೇನು?"

ಕೇಳಲು ಗಂಗಾಬಾಯಿ ಅಲ್ಲಿರಲಿಲ್ಲ. ಮನೆಯ ಎಮ್ಮೆಗೆ ಒಂದು ಹೊರೆ ಮೇವು ಕೇಳಲು ಅವಳು ಗುರಮ್ಮನ ಮನೆಗೆ ಹೋಗಿದ್ದಳು.