ಹೂವಿನೊಳಗಿನ ಕೆಂಡ

ಇವಾಟೆ ಬೆಟ್ಟದಲ್ಲಿ ಶಿಗೆನೊ ಅಂದರೆ ಇದ್ದಲಗೂಡಿನವಳು. ಮದುವೆಯಾಗಿ ಬಂದಾಗಿನಿಂದ ಗಂಡ ಕಿಚಿಜೊ ಜೊತೆ ಮರ ಸುಟ್ಟು ಇದ್ದಲು ಮಾಡುತ್ತಲೇ ಮುದುಕಿಯಾದಳು. ಬೆಂಕಿಯ ಮರ್ಜಿ ಅವಳಿಗೆ ಚೆನ್ನಾಗಿ ಗೊತ್ತು. ಗಾಳಿ ಹೆಚ್ಚಾದರೆ ಮರವೆಲ್ಲ ಬೂದಿ. ಗೂಡಿನ ಬಾಯಿಗೆ ಮಣ್ಣು ಮೆತ್ತಿದರೆ ಬೆಂಕಿ ಆರುತ್ತದೆ.

ಗೊತ್ತಾಗದೆ ಉಳಿದದ್ದು ಒಂದೇ. ಗೂಡಿನ ಕೆಳಗಿನ ಜವುಗಿನಲ್ಲೊಂದು ಹೂವು. ಸುತ್ತ ಮೊಣಕಾಲುದ್ದ ಹಿಮವಿದ್ದರೂ ಅದು ಮಾತ್ರ ಕಂದುಗೆಂಪು ಮುಸುಕು ಹೊದ್ದು, ತನ್ನ ಸುತ್ತಲಿನ ಹಿಮ ಕರಗಿಸಿಕೊಂಡು ಕೂತಿರುತ್ತದೆ. ಒಳಗಿನ ಗುಂಡನೆಯ ತೆನೆ ಮುಟ್ಟಿದರೆ ಬೆಚ್ಚಗೆ! ಹಿಂದೆ ಜವುಗಿನ ತುಂಬ ಇದ್ದವು. ಈಗ ಉಳಿದದ್ದು ಅದೊಂದೇ.

"ಇದ್ರೊಳಗೆ ಬೆಂಕಿ ಇದೆ ಕಣ್ರೀ," ಎಂದಳು ಒಂದು ದಿನ ಗಂಡನಿಗೆ.

"ಸೌದೆ ಎಲ್ಲೇ?"

"ಬೇರು ನನ್ನ ತೋಳಿನಷ್ಟು ದಪ್ಪ ಇದೆಯಲ್ಲ!"

"ಹೊಗೆ?"

ಶಿಗೆನೊ ಬಗ್ಗಿ ಮುಸುಕಿನೊಳಗೆಲ್ಲ ಹೊಗೆ ಹುಡುಕಿದಳು.

"ನಾಳೆಯಿಂದ ಚಹಾನೂ ಅದ್ರ ಮೇಲೇ ಕಾಯ್ಸು," ಎಂದು ಕಿಚಿಜೊ ನಕ್ಕ.

ಶಿಗೆನೊಗೆ ರೋಷ ಬಂತು. ಮರುದಿನ ಬೆಳಿಗ್ಗೆ ಉಪ್ಪಿನಕಾಯಿ ಜಾಡಿಯೊಂದನ್ನು ಹೂವಿನ ಮೇಲೆ ಬೋರಲು ಹಾಕಿ, ಗೂಡಿಗೆ ಮೆತ್ತುವ ಹಾಗೇ ಅಂಚಿಗೆಲ್ಲ ಮಣ್ಣು ಮೆತ್ತಿದಳು. ಬೆಂಕಿಯೇ ಆಗಿದ್ದರೆ ಗಾಳಿ ಇಲ್ಲದೆ ಆರಲೇಬೇಕು.

ಸಂಜೆ ತೆಗೆದು ಮುಟ್ಟಿದಳು. ಕಪ್ಪೆಯ ಹೊಟ್ಟೆಯ ಹಾಗೆ ತಣ್ಣಗಿತ್ತು.

"ಆರ್ತು! ಬೆಂಕೀನೇ ಕಣ್ರೀ, ಬೆಂಕೀನೇ!"

ಕಿಚಿಜೊ ಬಂದು ಬಗ್ಗಿ ನೋಡಿದ. "ಶಭಾಷ್. ಇದ್ದೊಂದನ್ನೂ ಕೊಂದ್ಯಾ?"

ಅವಳ ಖುಷಿ ಜರ್ರನೆ ಇಳಿಯಿತು. ತಣಿಯುವ ಮುಂಚೆ ಗೂಡು ತೆರೆದರೆ ಸತ್ತ ಬೆಂಕಿ ಮತ್ತೆ ಏಳುತ್ತದೆ, ಇದ್ದಲೆಲ್ಲ ಬೂದಿಯಾಗುತ್ತದೆ. ಇದ್ದಲು ಸುಡುವವರ ಎದೆ ನಡುಗಿಸುವ ಮಾತು ಅದು. ಜೀವಮಾನವೆಲ್ಲ ಯಾವುದಕ್ಕೆ ಹೆದರಿದ್ದಳೋ ಅದನ್ನೇ ಈಗ ಬೇಡಿಕೊಂಡಳು. "ಏಳೇ ತಾಯಿ, ಹೊತ್ಕೊಳ್ಳೇ."

ಬೆಳಗಾಗುವಷ್ಟರಲ್ಲಿ ಹೊಸ ಹಿಮ ಬಿದ್ದಿತ್ತು. ಜವುಗೆಲ್ಲ ಬೆಳ್ಳಗೆ. ಹೂವು ಕಾಣಲಿಲ್ಲ. ಕೆದಕಲು ಧೈರ್ಯ ಸಾಲದೆ ಶಿಗೆನೊ ಕುಕ್ಕರಗಾಲಲ್ಲಿ ಕೂತೇ ಇದ್ದಳು. ಬಿಸಿಲೇರುವ ಮೊದಲೇ ಹಿಮ ಒಂದು ಕಡೆ ಸಣ್ಣಗೆ ಕುಸಿಯಿತು. ಒದ್ದೆ ತೂತಿನಿಂದ ಕಂದು ತುದಿ ಇಣುಕಿತು. ಬೆರಳಿಟ್ಟಳು. ಬೆಚ್ಚಗಿತ್ತು.

ಏದುಸಿರು ಬಿಡುತ್ತ ಇಳಿದು ಬಂದ ಕಿಚಿಜೊ ತಾನೂ ಬೆರಳಿಟ್ಟು ನೋಡಿದ. ಸೋಲೊಪ್ಪುವ ಆಸಾಮಿಯಲ್ಲ. "ಆದ್ರೂ ಹೊಗೆ ಎಲ್ಲೇ?"

ಶಿಗೆನೊ ತಲೆಯೆತ್ತಿದಳು. ಅವನ ಬಾಯಿಂದ ಬೆಳ್ಳನೆಯ ಉಗಿ ಬುಸಬುಸನೆ ಹೊರಡುತ್ತಿತ್ತು. ಅದನ್ನೇ ನೋಡುತ್ತ ಕೂತವಳ ಕಣ್ಣು ಅರಳಿತು.

"ಬೆಳಿಗ್ಗೆ ಕುಡಿದ ಊದಲು ಗಂಜಿ ಎಲ್ಲಿ ಹೋಯ್ತು, ನಿಮ್ಮ ಮೈ ಯಾಕೆ ಬೆಚ್ಚಗಿದೆ, ಯೋಚ್ನೆ ಮಾಡಿದೀರಾ?"

ಕಿಚಿಜೊ ತಟ್ಟನೆ ಬಾಯಿ ಮುಚ್ಚಿದ.

"ಅಯ್ಯೋ, ಮುಚ್ಚಬೇಡ್ರೀ," ಎಂದಳು ಶಿಗೆನೊ. "ಆರಿ ಹೋದೀತು."