ಎದುರು ಮನೆಯ ಅಣ್ಣನ ಮಸಲ್ ಕಾರು

ಹೋದ ರವಿವಾರ ಮುಂಬೈಯ ದಹಿಸರ್‌ನ ಪಂಪಿನಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುತ್ತಿದ್ದೆ. ಎರಡು ಹನಿ ನೆಲಕ್ಕೆ ಚೆಲ್ಲಿ ವಾಸನೆ ಮೂಗಿಗೆ ಬಡಿಯಿತು ನೋಡಿ, ಎದುರು ಮನೆಯ ಅಣ್ಣ ನೆನಪಾಗಿಬಿಟ್ಟರು. ಬೇರೆಯವರಿಗೆ ಹೂವು, ಊದುಬತ್ತಿಯ ವಾಸನೆಗೆ ಹೋದವರ ನೆನಪಾಗುತ್ತದಂತೆ. ನನ್ನ ಪಾಲಿಗೆ ಪೆಟ್ರೋಲ್!

ಅಣ್ಣ ಉಡುಪಿ ಕಡೆಯವರು. ಗ್ರಾಂಟ್ ರೋಡಿನಲ್ಲಿ ಮೂವತ್ತು ವರ್ಷ ಪಾಲುದಾರಿಕೆಯಲ್ಲಿ ಹೋಟೆಲ್ ನಡೆಸಿ, ಮಂಡಿ ನೋವು ಹೆಚ್ಚಾದ ಮೇಲೆ ತಮ್ಮ ಪಾಲು ಬಿಟ್ಟುಕೊಟ್ಟು ಮನೆಯಲ್ಲಿ ಕೂತಿದ್ದರು. ಬಂದ ದುಡ್ಡಿನಲ್ಲಿ ಊರಲ್ಲಿ ಜಾಗ ತೆಗೆದುಕೊಳ್ಳುತ್ತಾರೆಂದು ಬಿಲ್ಡಿಂಗಿನವರೆಲ್ಲ ಮಾತಾಡಿಕೊಂಡಿದ್ದೆವು. ಒಂದು ಬೆಳಿಗ್ಗೆ ಗೇಟಿನ ಬಳಿ ಗುಡುಗಿದಂತಾಯಿತು. ಕೆಳಗೆ ಹೋಗಿ ನೋಡಿದರೆ ಕೆಂಪು ಬಣ್ಣದ, ಎರಡೇ ಬಾಗಿಲಿನ, ಮಾರುದ್ದ ಮೂತಿಯ ಅಮೆರಿಕದ ಮಸಲ್ ಕಾರು. ಒಳಗೆ ಬಿಳಿ ಅಂಗಿಯ ಅಣ್ಣ! ಯಾರೋ ಬಿಲ್ಡರನ ಮಗ ಓಡಿಸಿ ಬಿಟ್ಟದ್ದಂತೆ. ಸೆಕೆಂಡ್ ಹ್ಯಾಂಡ್ ಆದರೂ ಆ ಬೆಲೆಗೆ ದಹಿಸರ್‌ನಲ್ಲೇ ಸಣ್ಣದೊಂದು ಫ್ಲ್ಯಾಟು ಬರುತ್ತಿತ್ತು.

ನನಗೆ ತಲೆಬುಡ ತಿಳಿಯಲಿಲ್ಲ. ಜೀವಮಾನವಿಡೀ ಲೋಕಲ್ ಟ್ರೇನಿನಲ್ಲಿ ನೇತಾಡಿಕೊಂಡು ಹೋದ ಮನುಷ್ಯ. “ಅಣ್ಣಾ, ಇದನ್ಯಾಕ ತಂದ್ರಿ?” ಎಂದು ಕೇಳಿಯೇಬಿಟ್ಟೆ.

“ಹಣ ಬ್ಯಾಂಕಲ್ಲಿ ಉಂಟು ಅಂತಾದ್ರೆ ಎಲ್ಲರೂ ಕೇಳ್ಲಿಕ್ಕೆ ಬರ್ತಾರೆ ಮಾರಾಯ್ರೆ. ನನಗೆ ಇಲ್ಲ ಹೇಳ್ಲಿಕ್ಕೆ ಬರುದಿಲ್ಲ. ಇನ್ನು ಕೇಳ್ಲಿ ನೋಡುವ, ಬಾನೆಟ್ ಬಿಚ್ಚಿ ಕೊಡ್ಲಿಕ್ಕಾಗ್ತದಾ?”

ಇದು ಜಾಣತನವೋ ಹುಚ್ಚೋ... ಇವತ್ತಿಗೂ ನನಗೆ ಬಗೆಹರಿದಿಲ್ಲ. ಕೊಂಡದ್ದು ಒಂದು ತೂಕವಾದರೆ ಸಾಕುವುದು ಇನ್ನೊಂದು ತೂಕ. ಟ್ರಾಫಿಕ್ಕಿನಲ್ಲಿ ಲೀಟರಿಗೆ ಮೂರು ಕಿಲೋಮೀಟರ್ ಹೋದರೆ ಪುಣ್ಯ. ಹಿಂದಿನ ಎರಡು ಟಯರುಗಳ ಬೆಲೆ ಕೇಳಿ ನನ್ನ ಗುಮಾಸ್ತಗಿರಿಯ ಸಂಬಳ ನಾಚಿಕೊಂಡಿತು. ಆ ಉದ್ದದ ಬಾಗಿಲು ತೆರೆಯಲಿಕ್ಕೆಂದೇ ಪಕ್ಕದ ಪಾರ್ಕಿಂಗ್ ಜಾಗವನ್ನೂ ಬಾಡಿಗೆಗೆ ಹಿಡಿದಿದ್ದರು. ಸ್ಪೀಡ್ ಬ್ರೇಕರ್ ಬಂದಾಗಲೆಲ್ಲ ಕಾರಿನ ಹೊಟ್ಟೆ ಉಜ್ಜುತ್ತಿತ್ತು, ಅಣ್ಣನ ಮುಖ ಕಿವುಚಿಕೊಳ್ಳುತ್ತಿತ್ತು. ಹೈವೇಯಲ್ಲಿ ಹಾರಬೇಕಾದ ಗಾಡಿ ರವಿವಾರಕ್ಕೊಮ್ಮೆ ಟೋಲ್ ನಾಕಾದವರೆಗೆ ತೆವಳಿ ವಾಪಸಾಗುತ್ತಿತ್ತು.

ಹಣ ಕೇಳಿಕೊಂಡು ಬರುವುದೇನೋ ನಿಂತಿತು. ಆದರೆ ಜನ ಕಾರನ್ನೇ ಕೇಳಲು ಶುರುಮಾಡಿದರು! ಮದುಮಗನಿಗೆ, ಸೀಮಂತಕ್ಕೆ, ಬರೀ ಫೋಟೋಕ್ಕೆ. ಅಣ್ಣ ಬೈದುಕೊಂಡೇ ಕೀಲಿ ಕೊಡುತ್ತಿದ್ದರು. ಕೇಳಿದವರಲ್ಲಿ ನಾನೂ ಒಬ್ಬ. ತಮ್ಮನ ಮದುವೆಗೆ ಆಷಾಢದ ಮೊದಲು ಉಳಿದಿದ್ದದ್ದು ಜೂನ್ ತಿಂಗಳ ಒಂದೇ ಮುಹೂರ್ತ. ಮುಂಬೈ ಮಳೆಗೆ ಪಂಚಾಂಗ ಯಾರು ತೋರಿಸಬೇಕು? ಕೀಲಿ ಕೊಡುವಾಗ ಅಣ್ಣ ಎರಡೇ ಮಾತು ಹೇಳಿದರು: “ನೀರಿದ್ದಲ್ಲಿ ಇಳಿಸ್ಬೇಡಿ. ನಿಂತ್ರೆ ಮತ್ತೆ ಸ್ಟಾರ್ಟ್ ಮಾಡ್ಬೇಡಿ.”

ಎರಡನ್ನೂ ನಾನೇ ಮುರಿದೆ. ಹಿಂದಿನ ಸೀಟಿನಲ್ಲಿ ತಲೆ ಎತ್ತಲು ಆಗದ ಕಾರಣ ಬಾಸಿಂಗದ ತಮ್ಮ ಮುಂದೆ ಕೂತಿದ್ದ, ನಾನು ಹಿಂದೆ ಮುದುಡಿಕೊಂಡಿದ್ದೆ, ಭಾವಮೈದ ಓಡಿಸುತ್ತಿದ್ದ. ಮಳೆ ಜಡಿಯುತ್ತಿತ್ತು. ರೈಲು ಹಳಿಯ ಕೆಳಗಿನ ಸಬ್‌ವೇಯಲ್ಲಿ ನೀರು ಕಂಡು ಭಾವಮೈದ ಬ್ರೇಕ್ ಒತ್ತಿದ. “ಹೊಡೀಪಾ, ಮುಹೂರ್ತ ತಪ್ಪತೈತಿ!” ಎಂದು ಕೂಗಿದವನು ನಾನು. ಅರ್ಧದಲ್ಲಿ ಎಂಜಿನ್ ನಿಂತಾಗ “ಇನ್ನೊಮ್ಮೆ ಸ್ಟಾರ್ಟ್ ಮಾಡು” ಎಂದವನೂ ನಾನೇ. ಒಳಗೆ ಕಟಕ್ ಎಂದು ಏನೋ ಮುರಿದ ಸದ್ದು ಬಂತು. ಆಮೇಲೆ ಮದುಮಗನನ್ನು ಮೊಣಕಾಲುದ್ದ ನೀರಿನಲ್ಲಿ ನಡೆಸಿಕೊಂಡು ಹೋಗಿ ರಿಕ್ಷಾ ಹತ್ತಿಸಿದೆವು.

ನೀರು ಕುಡಿದ ಎಂಜಿನನ್ನು ಮತ್ತೆ ಸ್ಟಾರ್ಟ್ ಮಾಡಿದ್ದಕ್ಕೆ ವಿಮೆ ಸಿಗಲಿಲ್ಲ. ಹೊಸ ಎಂಜಿನ್ ಹಡಗಿನಲ್ಲಿ ಬರಬೇಕು, ಅದಕ್ಕೆ ಕಾರಿನ ಅರ್ಧ ಬೆಲೆ. ನಾನು ಅಣ್ಣನ ಮುಂದೆ ಕೈಮುಗಿದು ನಿಂತೆ. ಪಿ.ಎಫ್. ತೆಗೆದು ಕೊಡುತ್ತೇನೆ ಎಂದೆ. ಅವರು ಕೇಳಿದ್ದು ಬೇರೆಯೇ.

“ಹುಡುಗ ಮುಹೂರ್ತಕ್ಕೆ ಮುಟ್ಟಿದ್ನಾ?”

“ಮುಟ್ಟಿದಾ ರೀ.”

“ಮತ್ತೆಂತ? ಊಟ ಹೇಗಿತ್ತು?”

ಅದು ಸಿಟ್ಟೋ, ಕ್ಷಮೆಯೋ, ಹೋಟೆಲಿನವರ ಬಾಯಿಪಾಠವೋ... ದೇವರಾಣೆ ಗೊತ್ತಾಗಲಿಲ್ಲ. ನನ್ನಿಂದ ಒಂದು ಪೈಸೆ ಮುಟ್ಟಲಿಲ್ಲ. ಕಾರನ್ನು ಬಿಡಿಭಾಗದ ವ್ಯಾಪಾರಿಯೊಬ್ಬ ಸಿಕ್ಕಷ್ಟಕ್ಕೆ ಎಳೆದುಕೊಂಡು ಹೋದ. ಮೂವತ್ತು ವರ್ಷದ ದುಡಿಮೆ, ಒಂದು ಸಬ್‌ವೇಗೆ! ಆಮೇಲೆ ನಾಲ್ಕು ವರ್ಷ ನಾನು ಕಳ್ಳನ ಹಾಗೆ ಬದುಕಿದೆ. ಅವರು ಲಿಫ್ಟಿನ ಬಳಿ ಇದ್ದರೆ ಮೆಟ್ಟಿಲು ಹಿಡಿಯುತ್ತಿದ್ದೆ. ಅವರು ಹೊರಗೆ ಹೋದ ಸದ್ದು ಕೇಳಿದ ಮೇಲೆಯೇ ಬಾಗಿಲು ತೆರೆಯುತ್ತಿದ್ದೆ.

ಹೋದ ಚಳಿಗಾಲದಲ್ಲಿ ಅಣ್ಣ ತೀರಿಕೊಂಡರು. ಹದಿಮೂರನೆಯ ದಿನ ಕಳೆದ ಮೇಲೆ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು, ಮಾತಾಡಿಸಲು ಹೋದೆ. “ವೈನೀ, ಆ ಕಾರಿಂದು...” ಎಂದು ಶುರುಮಾಡಿದೆ.

“ಕಾರು ಹಾಳಾಗ್ಲಿ ಬಿಡಿ,” ಎಂದರು. “ಅದು ಹೋದ ಮೇಲೆ ಕೇಳ್ಲಿಕ್ಕೆ ಒಬ್ಬರೂ ಬರ್ಲಿಲ್ಲ. ಬೆಲ್ ಆದ್ರೆ ಸಾಕು, ಆ ಮಂಡಿ ಇಟ್ಕೊಂಡು ಇವ್ರೇ ಏಳ್ತಿದ್ರು. ಹಾಲಿನವ, ಪೇಪರಿನವ... ಮತ್ತೆ ಬಂದು ಕೂರುದು. ನೀವು ಎದುರು ಮನೆ. ನೀವೂ ಬರ್ಲಿಲ್ಲ.”

ನನಗೆ ಮುಖ ತೋರಿಸಲು ಆಗಲಿಲ್ಲ ಎಂದು ಹೇಳಬೇಕೆಂದಿದ್ದೆ, ಕೈಮುಗಿದು ಎದ್ದು ಬಂದೆ. ಈಗ ವೈನಿ ಮಗಳ ಮನೆಗೆ ಹೋಗಿದ್ದಾರೆ. ನಾನು ಲಿಫ್ಟಿನಲ್ಲೇ ಹೋಗುತ್ತೇನೆ, ತಪ್ಪಿಸಿಕೊಳ್ಳಬೇಕಾದವರು ಯಾರೂ ಇಲ್ಲವಲ್ಲ. ಅವರ ಬಾಗಿಲಿಗೂ ನನ್ನ ಬಾಗಿಲಿಗೂ ನಡುವೆ ಆರು ಹೆಜ್ಜೆ. ಏನೂ ಕೇಳಲಿಕ್ಕಿಲ್ಲದೆಯೂ ಹೋಗಬಹುದಿತ್ತು ಎಂಬುದು ನಾಲ್ಕು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ.